ದನಗಳ ಕ್ಷಯಪರೀಕ್ಷೆಯ ಚರಿತ್ರೆ

ಬೆಂಗಳೂರಿನಿಂದ ತುಮಕೂರಿಗೆ ಹೋಗುವ ಹೆದ್ದಾರಿಯಲ್ಲಿ ಪೀಣ್ಯದ ಕಾರ್ಖಾನೆಗಳನ್ನು ದಾಟಿದೊಡನೆ ಸಿಕ್ಕುವ ನಾಗಸಂದ್ರವು ಈಗ ನಗರದೊಳಗೆ ಸೇರಿಹೋಗಿದೆ. ಆದರೂ ಪಶುವೈದ್ಯದ ಚರಿತ್ರೆಯನ್ನು ಅರಸುವವರಿಗೆ ಈ ಸೀಮೆಯು ಗಮನಾರ್ಹವಾದುದು. ಪೂರ್ವದ ಹೆಬ್ಬಾಳದಲ್ಲಿ ೧೯೨೫ರಲ್ಲಿ ಮೈಸೂರು ಸೀರಂ ಸಂಸ್ಥೆಯು ಸ್ಥಾಪಿತವಾಯಿತು. ಉತ್ತರದ ಹೆಸರಘಟ್ಟದಲ್ಲಿ ೧೯೬೯ರಲ್ಲಿ ಡೆನ್ಮಾರ್ಕ್ ದೇಶದ ನೆರವಿನಿಂದ ಹೋರಿಗಳ ವೀರ್ಯವನ್ನು ಹೆಪ್ಪುಗಟ್ಟಿಸಿ ಕಾಪಿಡುವ ಕೇಂದ್ರವು ಏರ್ಪಟ್ಟಿತು.

ಹೆಬ್ಬಾಳದ ಸಂಸ್ಥೆಯು ಮೊದಲು ಎದುರಿಸಿದುದು ದೊಡ್ಡರೋಗವನ್ನು. ಅದು ಕೆಲವೇ ದಿನಗಳಲ್ಲಿ ಕೊಟ್ಟಿಗೆಯನ್ನು ಬರಿದುಮಾಡುತ್ತಿದ್ದುದರಿಂದ ಅದನ್ನು ಗುರುತಿಸಲು ರೈತನಿಗೆ ಯಾವ ಪರೀಕ್ಷೆಯೂ ಬೇಕಾಗಿರಲಿಲ್ಲ. ಕ್ಷಯವಾದರೋ ಹಾಗಲ್ಲ. ಮೈದುಂಬಿಕೊಂಡು ಹಾಲು ಕರೆಯುತ್ತಿರುವ ಹಸುವಿನ ಶ್ವಾಸಕೋಶದಲ್ಲಿಯೂ ಅದು ವರ್ಷಗಟ್ಟಲೆ ಅಡಗಿರಬಲ್ಲುದು.

ಕ್ಷಯದ ಕ್ರಿಮಿಯನ್ನು ೧೮೮೨ರಲ್ಲಿ ಕಂಡುಹಿಡಿದ ರಾಬರ್ಟ್ ಕೋಕನು ೧೮೯೦ರಲ್ಲಿ ಟ್ಯುಬರ್ಕುಲಿನ್ ಎಂಬ ದ್ರವ್ಯವನ್ನು ಔಷಧವೆಂದು ಲೋಕದ ಮುಂದಿಟ್ಟನು. ಔಷಧವಾಗಿ ಅದು ಸೋತಿತು. ಆದರೆ ರೋಗವುಳ್ಳ ದನಕ್ಕೆ ಚುಚ್ಚಿದಾಗ ಜ್ವರವೇರುವುದು ಕಂಡುಬಂದು, ಅದೇ ದ್ರವ್ಯವು ರೋಗಪರೀಕ್ಷೆಯ ಸಾಧನವಾಯಿತು. ದನದ ಕ್ಷಯದಿಂದ ಮನುಷ್ಯನಿಗೆ ಹೆಚ್ಚಿನ ಭಯವಿಲ್ಲವೆಂದು ಕೋಕನು ೧೯೦೧ರಲ್ಲಿ ಲಂಡನ್ನಿನಲ್ಲಿ ಸಾರಿದುದನ್ನು, ಹತ್ತು ವರ್ಷ ವಿಚಾರಣೆ ನಡೆಸಿದ ಬ್ರಿಟಿಷ್ ರಾಜನಿಯೋಗವು ೧೯೧೧ರಲ್ಲಿ ಅಲ್ಲಗಳೆಯಿತು.

ಚರ್ಮದೊಳಗೆ ಟ್ಯುಬರ್ಕುಲಿನ್ ಚುಚ್ಚಿ, ೭೨ ಗಂಟೆಗಳ ಮೇಲೆ ಅಲ್ಲಿಯ ಊತವನ್ನು ಅಳೆಯುವುದು ಕಾಲಕ್ರಮದಲ್ಲಿ ಬಳಕೆಗೆ ಬಂದ ಪದ್ಧತಿ. ಇದಕ್ಕಾಗಿ ವೈದ್ಯನು ಕೊಟ್ಟಿಗೆಗೆ ಎರಡು ಸಲ ಬರಬೇಕಾಗುತ್ತದೆ. ೧೯೮೦ರ ದಶಕದ ಕೊನೆಯಲ್ಲಿ ಆಸ್ಟ್ರೇಲಿಯದ ವಿಜ್ಞಾನಿಗಳು ರೂಪಿಸಿದ ರಕ್ತಪರೀಕ್ಷೆಯು ಈ ತೊಡಕನ್ನು ನೀಗಿತು. ದನದ ರಕ್ತಕ್ಕೆ ಟ್ಯುಬರ್ಕುಲಿನನ್ನು ಬೆರಸಿ ಒಂದು ರಾತ್ರಿ ಬೆಚ್ಚಗಿರಿಸಿದರೆ, ರೋಗಕ್ರಿಮಿಯನ್ನು ಮೊದಲೇ ಅರಿತ ರಕ್ತಕಣಗಳು ಇಂಟರ್‌ಫೆರಾನ್ ಗಾಮಾ ಎಂಬ ಪದಾರ್ಥವನ್ನು ಹೊರಬಿಡುತ್ತವೆ. ಅದರ ಮೊತ್ತವೇ ಸಾಕ್ಷಿ. ಕಣಗಳು ಜೀವಂತವಾಗಿರಬೇಕಾದುದರಿಂದ ರಕ್ತವು ಬೇಗನೆ ಪ್ರಯೋಗಶಾಲೆಯನ್ನು ಮುಟ್ಟಬೇಕು. ೧೯೯೭ರಲ್ಲಿ ಆಸ್ಟ್ರೇಲಿಯವು ತಾನು ಈ ರೋಗದಿಂದ ಮುಕ್ತವಾದೆನೆಂದು ಘೋಷಿಸಿತು. ಆದರೆ ಆ ಜಯದ ಹಿಂದೆ ಪರೀಕ್ಷೆಯೊಂದೇ ಅಲ್ಲದೆ ರೋಗಿಷ್ಠ ದನಗಳ ವಧೆಯೂ ಇದ್ದಿತು.

ಭಾರತದ ಸಮಸ್ಯೆಯು ಮೊದಲಾಗುವುದು ಇಲ್ಲಿಯೇ. ಹಿಂದಿನ ಸಂಶೋಧನೆಗಳನ್ನು ಒಟ್ಟುಗೂಡಿಸಿ ೨೦೧೮ರಲ್ಲಿ ಪ್ರಕಟವಾದ ಅಧ್ಯಯನವೊಂದು, ಈ ದೇಶದ ದನಗಳಲ್ಲಿ ನೂರಕ್ಕೆ ಸುಮಾರು ೭.೩ರಷ್ಟಕ್ಕೆ, ಎಂದರೆ ಎರಡು ಕೋಟಿಗೂ ಮಿಕ್ಕ ದನಗಳಿಗೆ, ಕ್ಷಯವಿರಬಹುದೆಂದು ಅಂದಾಜುಮಾಡಿತು. ಹೆಸರಘಟ್ಟದಂತಹ ಕೇಂದ್ರಗಳಲ್ಲಿ ಹೋರಿಗಳನ್ನು ಪರೀಕ್ಷಿಸಿ ರೋಗವುಳ್ಳದ್ದನ್ನು ಬೇರ್ಪಡಿಸುವ ನಿಯಮವುಂಟು. ಎರಡೇ ಹಸುಗಳ ಹಾಲನ್ನು ನೆಚ್ಚಿ ಬಾಳುವ ಒಕ್ಕಲಿನವನಿಗೆ ಅದೇ ನಿಯಮವನ್ನು ವಿಧಿಸುವುದು ಹೇಗೆ? ಕೊಲ್ಲಲೂ ಆಗದ, ಸಾಕಲೂ ಆಗದ ಹಸುವನ್ನು ಅವನು ಮಾರಿಬಿಟ್ಟರೆ ರೋಗವು ಇನ್ನೊಂದು ಕೊಟ್ಟಿಗೆಗೆ ಸಾಗುತ್ತದೆಯಷ್ಟೆ. ಹಾಲನ್ನು ಕಾಯಿಸಿ ಕುಡಿಯುವ ನಮ್ಮ ವಾಡಿಕೆಯು ಮನೆಯವರನ್ನು ರಕ್ಷಿಸುತ್ತದೆ. ತಾಯ ಮೊಲೆಯುಣ್ಣುವ ಕರುವನ್ನು ರಕ್ಷಿಸದು.

ಹೆಸರಘಟ್ಟಕ್ಕೆ ನೆರವಿತ್ತ ಡೆನ್ಮಾರ್ಕಿನಲ್ಲಿಯೇ ಇದಕ್ಕೊಂದು ಪೂರ್ವನಿದರ್ಶನವಿದೆ. ಅಲ್ಲಿಯ ಬರ್ನ್‌ಹಾರ್ಡ್ ಬಾಂಗನು ೧೮೯೨ರಿಂದ, ರೋಗವುಳ್ಳ ಹಸುಗಳನ್ನೆಲ್ಲ ಕೊಲ್ಲಿಸುವ ಬದಲು ಬೇರೆಯಿರಿಸಿ, ಅವುಗಳ ಕರುಗಳನ್ನು ಹುಟ್ಟಿದೊಡನೆ ಅಗಲಿಸಿ ಕಾಯಿಸಿದ ಹಾಲಿನಿಂದ ಬೆಳೆಸುವ ಕ್ರಮವನ್ನು ಹೂಡಿದನು. ೧೮೯೮ರ ಕಾನೂನು ಡೈರಿಗಳಿಂದ ಕರುಗಳಿಗೆ ಮರಳುವ ಹಾಲನ್ನು ಕಾಯಿಸಬೇಕೆಂದು ವಿಧಿಸಿತು. ಮಂದೆಗಳು ನಿಧಾನವಾಗಿ ಶುದ್ಧವಾದುವು. ಉಳಿದ ಕೆಲವನ್ನು ಮುಂದೆ ವಧಿಸಬೇಕಾಯಿತೆಂಬುದೂ ನಿಜವೇ. ಆದರೂ ಪರೀಕ್ಷೆಯ ಫಲವನ್ನು ತಿಳಿಸುವ ಮೊದಲು, ತಿಳಿದವನು ಏನು ಮಾಡಬಲ್ಲನೆಂಬುದನ್ನು ಬಾಂಗನು ಯೋಚಿಸಿದ್ದನು. ರಕ್ತದ ಬಿಂದುವಿನಲ್ಲಿ ರೋಗವನ್ನು ಓದಬಲ್ಲ ಈ ಕಾಲಕ್ಕೂ ಆ ಯೋಚನೆಯು ಹಳೆಯದಾಗಿಲ್ಲ.