ಚಿಟ್ಟೆ ಕಾಣದ ರೇಷ್ಮೆ ಸೀಮೆ

ಮುದ್ದೇನಹಳ್ಳಿ, ನಂದಿ, ಶಿಡ್ಲಘಟ್ಟ, ಚಿಂತಾಮಣಿ ಕಡೆ ಯಾವ ಮಗುವನ್ನಾದರೂ ಕೇಳಿ, ರೇಷ್ಮೆ ಹುಳು ಹೇಗಿರುತ್ತದೆ ಎಂದು ಹೇಳುತ್ತದೆ. ಎಷ್ಟನೇ ಜ್ವರಕ್ಕೆ ಕೂತಿದೆ, ಹಣ್ಣಾಗಿದೆಯೋ ಇಲ್ಲವೋ ಅನ್ನುವುದನ್ನೂ ಹೇಳಬಹುದು. ಆದರೆ ರೇಷ್ಮೆ ಚಿಟ್ಟೆ ಹೇಗಿರುತ್ತದೆ ಎಂದು ಕೇಳಿ ನೋಡಿ. ಮೂವತ್ತು ವರ್ಷ ಹುಳು ಸಾಕಿದ ಮನೆಯಲ್ಲೂ ಒಂದು ಕ್ಷಣ ಯೋಚಿಸುತ್ತಾರೆ. ಗೂಡು ಬಿಡಿಸದೆ ಚಂದ್ರಂಕಿಯಲ್ಲಿ ಉಳಿದುಹೋದಾಗ ಒಂದೋ ಎರಡೋ ತೂತು ಮಾಡಿಕೊಂಡು ಹೊರಬಂದಿದ್ದನ್ನು ಕಂಡಿರುತ್ತಾರೆ, ಅಷ್ಟೇ.

ಒಂದು ಚಿಟ್ಟೆಯನ್ನು ನಂಬಿ ಬದುಕುವ ಸೀಮೆಯಲ್ಲಿ ಆ ಚಿಟ್ಟೆಯೇ ಕಾಣುವುದಿಲ್ಲ. ಹಿಂದೆ ಹೀಗಿರಲಿಲ್ಲ. ಚಿಟ್ಟೆ ನಮ್ಮ ಮನೆಗಳಿಂದ ಹೊರಟು ಹೋದದ್ದಕ್ಕೆ ಸುಮಾರು ನೂರೈವತ್ತು ವರ್ಷದ ಕಥೆ ಇದೆ. ಅದರಲ್ಲಿ ಮುದ್ದೇನಹಳ್ಳಿಯಲ್ಲಿ ಹುಟ್ಟಿದವರೊಬ್ಬರ ಕಾಲವೂ ಬರುತ್ತದೆ.

ಮೊದಲು ಹೆಸರಿನ ವಿಷಯ. 1758ರಲ್ಲಿ ಸ್ವೀಡನ್ನಿನ ಲಿನೇಯಸ್ ಎಂಬ ಪಂಡಿತ ಜಗತ್ತಿನ ಪ್ರಾಣಿಗಳಿಗೆಲ್ಲ ಎರಡೆರಡು ಪದದ ಹೆಸರು ಕೊಡುವಾಗ, ರಾತ್ರಿ ಹಾರುವ ಬಹುತೇಕ ಚಿಟ್ಟೆಗಳನ್ನು ಒಂದೇ ಕುಲಕ್ಕೆ ಸೇರಿಸಿದ. ಆ ಕುಲದೊಳಗೆ ಗುಂಪುಗಳನ್ನು ಮಾಡಿದ. ಒಂದು ಗುಂಪು ಬಾಂಬಿಕ್ಸ್, ನಮ್ಮ ರೇಷ್ಮೆ ಚಿಟ್ಟೆ ಅದರಲ್ಲಿ ಬಂತು. ಇನ್ನೊಂದು ಜಿಯೋಮೆಟ್ರಾ, ಅಂದರೆ ಭೂಮಿ ಅಳೆಯುವವು. ಬೇಲಿಯ ಗಿಡದಲ್ಲಿ ಬೆನ್ನು ಬಿಲ್ಲಿನಂತೆ ಎತ್ತಿ, ಗೇಣು ಹಾಕಿದ ಹಾಗೆ ನಡೆಯುವ ಸಣ್ಣ ಹುಳುವನ್ನು ನೀವು ನೋಡಿದ್ದೀರಿ. ಅದರ ಹೊಟ್ಟೆಯ ನಡುಭಾಗದಲ್ಲಿ ಕಾಲಿಲ್ಲ, ಅದಕ್ಕೇ ಆ ನಡಿಗೆ. ಇವತ್ತು ಆ ಅಳೆಯುವ ಹುಳುಗಳ ಕುಟುಂಬದಲ್ಲಿ 20,000ಕ್ಕೂ ಹೆಚ್ಚು ಜಾತಿಗಳಿವೆ. ಬಾಂಬಿಕ್ಸ್ ಕುಲದಲ್ಲಿ ಉಳಿದಿರುವುದು ಬೆರಳೆಣಿಕೆಯಷ್ಟು. ಒಂದೇ ಪುಸ್ತಕದಲ್ಲಿ ಅಕ್ಕಪಕ್ಕ ಕೂತವರಲ್ಲಿ ಒಬ್ಬರು ಕಾಡಿನಲ್ಲೇ ಉಳಿದರು, ಇನ್ನೊಬ್ಬರು ಮನೆಯ ತಟ್ಟೆಗೆ ಬಂದು ಹಾರುವುದನ್ನೇ ಮರೆತರು.

ಮರೆತದ್ದು ಚೀನಾದಲ್ಲಿ. ಅಲ್ಲಿನ ಬಾಂಬಿಕ್ಸ್ ಮ್ಯಾಂಡರಿನಾ ಎಂಬ ಕಾಡು ಚಿಟ್ಟೆಯನ್ನು ಸುಮಾರು 5,000 ವರ್ಷಗಳ ಹಿಂದೆ ಮನುಷ್ಯರು ಸಾಕಲು ಶುರುಮಾಡಿದರು. ಆ ಕಾಡು ಚಿಟ್ಟೆ ಇವತ್ತಿಗೂ ಹಾರುತ್ತದೆ, ಅದರ ಹುಳು ಕಂದು ಬಣ್ಣದ್ದು, ಕಡ್ಡಿಯ ಹಾಗೆ ಕಾಣುತ್ತದೆ. ಸಾಕಿದ ಬಾಂಬಿಕ್ಸ್ ಮೋರಿಯ ಹುಳು ಬೆಳ್ಳಗೆ. ಅದರ ಚಿಟ್ಟೆಗೆ ರೆಕ್ಕೆ ಇದೆ, ಹಾರಲು ಬಾರದು. ಬಾಯಿ ಬೆಳೆದಿಲ್ಲ, ಏನೂ ತಿನ್ನುವುದಿಲ್ಲ. ಬೆಳಗಿನ ಜಾವ ಗೂಡಿನಿಂದ ಹೊರಬಂದು, ಗಂಡು ಹೆಣ್ಣು ಕೂಡಿ, ಹೆಣ್ಣು ನಾನೂರು ಐನೂರು ಮೊಟ್ಟೆ ಇಟ್ಟು ಕೆಲವೇ ದಿನಗಳಲ್ಲಿ ಸಾಯುತ್ತದೆ.

ನಮ್ಮ ಕಡೆಗೆ ಈ ಹುಳು ಬಂದದ್ದರಲ್ಲಿ ಟಿಪ್ಪು ಸುಲ್ತಾನನ ಪಾತ್ರ ದೊಡ್ಡದು. ಬಂಗಾಳದಿಂದ ಹುಳು ತರಲು ಅವನು ಜನರನ್ನು ಕಳಿಸಿದ್ದ. ಅವು ಬರುವ ಹೊತ್ತಿಗೆ ಎಲ್ಲಿ ಇಡಬೇಕು, ಸೊಪ್ಪಿಗೆ ಏನು ಮಾಡಬೇಕು ಎಂದು ಶ್ರೀರಂಗಪಟ್ಟಣದ ಕಿಲ್ಲೇದಾರನನ್ನು ವಿಚಾರಿಸುತ್ತ 1786ರಲ್ಲಿ ಬರೆದ ಪತ್ರ ಉಳಿದಿದೆ. ಬಂದ ಹುಳು ಇಲ್ಲಿನ ಬಿಸಿಲಿಗೆ, ಇಲ್ಲಿನ ಸೊಪ್ಪಿಗೆ ಹೊಂದಿಕೊಂಡಿತು. ಚೀನಾ, ಜಪಾನ್‌ಗಳಲ್ಲಿ ಚಳಿಗಾಲ ಬಂದರೆ ಮೊಟ್ಟೆ ತಿಂಗಳುಗಟ್ಟಲೆ ಮಲಗುತ್ತದೆ. ನಮ್ಮದು ಮಲಗುವುದಿಲ್ಲ. ಇಟ್ಟ ಹತ್ತು ಹನ್ನೊಂದು ದಿನಕ್ಕೆ ಒಡೆಯುತ್ತದೆ, ವರ್ಷವಿಡೀ ಬೆಳೆ. ಗೂಡು ಚಿಕ್ಕದು, ತುದಿ ಚೂಪು, ಬಣ್ಣ ಹಸಿರು ಬೆರೆತ ಹಳದಿ. ಇದೇ ಮೈಸೂರು ತಳಿ.

ಈ ತಳಿ ಎಷ್ಟು ಬೇರೆಯಾಗಿ ಕಂಡಿತ್ತೆಂದರೆ, 19ನೇ ಶತಮಾನದಲ್ಲಿ ಕಲ್ಕತ್ತದ ವಸ್ತುಸಂಗ್ರಹಾಲಯದಲ್ಲಿದ್ದ ವುಡ್-ಮೇಸನ್ ಇದನ್ನು ಬೇರೆಯೇ ಜಾತಿ ಎಂದು ಬಗೆದು ಬಾಂಬಿಕ್ಸ್ ಮೆರಿಡಿಯೊನಾಲಿಸ್ ಎಂದು ಹೆಸರಿಟ್ಟರು. ಮೆರಿಡಿಯೊನಾಲಿಸ್ ಅಂದರೆ ದಕ್ಷಿಣದ್ದು. ಆ ಕಾಲದಲ್ಲಿ ಹೀಗೆ ಹೆಸರಿಡುವುದು ಜೋರಾಗಿತ್ತು. ಮಸ್ಸೂರಿಯಲ್ಲಿದ್ದ ಕ್ಯಾಪ್ಟನ್ ಥಾಮಸ್ ಹಟ್ಟನ್ ಬಂಗಾಳದ ಹುಳುಗಳಿಗೆ ಟೆಕ್ಸ್‌ಟರ್, ಕ್ರೀಸಿ, ಫಾರ್ಚುನೇಟಸ್ ಎಂದು ಒಂದೊಂದು ಹೆಸರು ಕೊಟ್ಟಿದ್ದರು. ಹುಳುವಿನ ಬಿಳಿ ಬಣ್ಣ ಆರೋಗ್ಯದ ಗುರುತಲ್ಲ, ಸಾಕಿ ಸಾಕಿ ದುರ್ಬಲವಾದ ಗುರುತು ಎಂದು 1860ರ ದಶಕದಲ್ಲಿ ಅವರು ವಾದಿಸುತ್ತಿದ್ದರು. ತಟ್ಟೆಯಲ್ಲಿ ಆಗಾಗ ಕಾಣುವ ಕಪ್ಪು ಹುಳುಗಳನ್ನೇ ಆರಿಸಿ ಬೆಳೆಸಿದರೆ ಹಳೆಯ ಕಾಡಿನ ಗಟ್ಟಿತನ ವಾಪಸು ಬರುತ್ತದೆ ಎಂಬುದು ಅವರ ನಂಬಿಕೆ. ಆಮೇಲಿನವರು ಈ ಹೆಸರುಗಳನ್ನೆಲ್ಲ ತೆಗೆದುಹಾಕಿ ಎಲ್ಲವನ್ನೂ ಮೋರಿ ಎಂಬ ಒಂದೇ ಜಾತಿಗೆ ಸೇರಿಸಿದರು. ವಿಜ್ಞಾನದ ಲೆಕ್ಕದಲ್ಲಿ ಅದು ಸರಿಯೇ, ಬೇರೆ ಬೇರೆ ತಳಿಗಳು ಕೂಡಿದರೆ ಮರಿಯಾಗುತ್ತವೆ, ಮರಿಗೂ ಮರಿಯಾಗುತ್ತವೆ. ನಮ್ಮ ಹುಳುವಿಗೆ ಒಂದು ಕಾಲದಲ್ಲಿ ಸ್ವಂತ ಹೆಸರಿತ್ತು ಅನ್ನುವುದನ್ನು ಮಾತ್ರ ರೇಷ್ಮೆ ಸೀಮೆಯಲ್ಲಿ ಓದಿ ಬೆಳೆದ ನಮಗೂ ಯಾವ ಪಾಠದಲ್ಲೂ ಯಾರೂ ಹೇಳಿರಲಿಲ್ಲ.

ಆ ಕಾಲದಲ್ಲಿ ಬಿತ್ತನೆ ಮನೆಯ ಕೆಲಸ. ಒಳ್ಳೆಯ ಗೂಡು ಆರಿಸಿ ಇಟ್ಟುಕೊಳ್ಳಬೇಕು, ಇಲ್ಲವೇ ಬಿತ್ತನೆ ಗೂಡು ಕೊಂಡು ತರಬೇಕು. ಚಿಟ್ಟೆ ಮನೆಯಲ್ಲೇ ಹೊರಬರುತ್ತಿತ್ತು, ಬಟ್ಟೆಯ ಮೇಲೋ ಮೊರದಲ್ಲೋ ಮೊಟ್ಟೆ ಇಡುತ್ತಿತ್ತು. ರಾಗಿ ಬೀಜ ಎತ್ತಿಡುವ ಹಾಗೆ ಹುಳುವಿನ ಬೀಜವೂ ರೈತನ ಕೈಯಲ್ಲೇ ಇತ್ತು.

ಅದನ್ನು ಮುರಿದದ್ದು ಗಂಟು ರೋಗ. ಪೆಬ್ರಿನ್ ಎನ್ನುತ್ತಾರಲ್ಲ, ಅದೇ. ಫ್ರಾನ್ಸಿನಲ್ಲಿ 1853ರಲ್ಲಿ 26,000 ಟನ್ ಗೂಡು ಬೆಳೆಯುತ್ತಿದ್ದ ಜಾಗದಲ್ಲಿ 1865ಕ್ಕೆ 4,000 ಟನ್‌ಗೆ ಇಳಿಯಿತು. ಯೂರೋಪಿನವರು ರೋಗವಿಲ್ಲದ ಮೊಟ್ಟೆ ಹುಡುಕಿಕೊಂಡು ಏಷ್ಯಾದ ಉದ್ದಗಲಕ್ಕೂ ಅಲೆದರು. ಮೈಸೂರು ಸಂಸ್ಥಾನದಲ್ಲೂ ಹುಳು ಸಾಯುತ್ತಿದ್ದವು. ಡಿ ವೆಕಿ ಎಂಬ ಇಟಲಿಯವರು ಜಪಾನಿನಿಂದ ಮೊಟ್ಟೆ ತರಿಸಿ ಇಲ್ಲಿನ ಬೆಳೆ ಉಳಿಸಲು ನೋಡಿದರು, 1866ರಲ್ಲಿ ಕೆಂಗೇರಿಯಲ್ಲಿ ಉಗಿಯಿಂದ ನಡೆಯುವ ನೂಲು ಬಿಚ್ಚುವ ಕಾರ್ಖಾನೆಯನ್ನೂ ಹಾಕಿದರು.

ಗುಟ್ಟು ಹಿಡಿದವರು ಲೂಯಿ ಪಾಶ್ಚರ್. ಹುಚ್ಚುನಾಯಿ ಕಡಿತದ ಲಸಿಕೆಯಿಂದ ಅವರ ಹೆಸರು ನಮಗೆ ಗೊತ್ತು. ಅದಕ್ಕೂ ಮೊದಲು, 1865ರಿಂದ ಐದು ವರ್ಷ, ಅವರು ರೇಷ್ಮೆ ಹುಳುವಿನ ಹಿಂದೆ ಬಿದ್ದಿದ್ದರು. ರೋಗ ತಾಯಿಯಿಂದ ಮೊಟ್ಟೆಗೆ ಇಳಿಯುತ್ತದೆ, ಹಾಗಾಗಿ ತಾಯಿಯನ್ನೇ ನೋಡಬೇಕು ಎಂಬುದು ಅವರ ಉಪಾಯ. ಒಂದೊಂದು ಚಿಟ್ಟೆಯನ್ನೂ ಬೇರೆ ಬೇರೆ ಮೊಟ್ಟೆ ಇಡಲು ಬಿಡುವುದು, ಆಮೇಲೆ ಆ ತಾಯಿಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು, ರೋಗದ ಕಣ ಕಂಡರೆ ಅದರ ಮೊಟ್ಟೆಯನ್ನೆಲ್ಲ ಸುಡುವುದು. ಇವತ್ತಿಗೂ ಬಿತ್ತನೆ ಕೋಠಿಗಳಲ್ಲಿ ನಡೆಯುವುದು ಇದೇ. ನಾವು "ನೂರು ಮೊಟ್ಟೆ ಮೇಯಿಸಿದೆವು" ಅನ್ನುತ್ತೇವಲ್ಲ, ಅದು ನೂರು ಬಿಡಿ ಮೊಟ್ಟೆಯಲ್ಲ, ನೂರು ತಾಯಿ ಚಿಟ್ಟೆಗಳ ಮೊಟ್ಟೆ. ಆ ಲೆಕ್ಕದಲ್ಲಿ ಪಾಶ್ಚರ್ ಇದ್ದಾರೆ.

ಸೂಕ್ಷ್ಮದರ್ಶಕ ಬಂದ ಮೇಲೆ ಚಿಟ್ಟೆ ರೈತನ ಮನೆಯಲ್ಲಿ ಇರುವುದು ಕಷ್ಟವಾಯಿತು. ಯಾರ ಮನೆಯಲ್ಲಿ ಸೂಕ್ಷ್ಮದರ್ಶಕ ಇದ್ದೀತು? ಬೆಂಗಳೂರಿನ ಬಸವನಗುಡಿಯ ಹತ್ತಿರ ಜಮ್‌ಷೆಡ್‌ಜಿ ಟಾಟಾ 1890ರ ದಶಕದ ಕೊನೆಯಲ್ಲಿ ಜಪಾನಿನವರನ್ನು ಕರೆಸಿ ರೇಷ್ಮೆ ಫಾರಂ ಮಾಡಿದರು. ಆ ಕಡೆಗೆ ಟಾಟಾ ಸಿಲ್ಕ್ ಫಾರಂ ಎಂಬ ಹೆಸರು ಈಗಲೂ ಇದೆ. ಸಂಸ್ಥಾನದ ಸರ್ಕಾರ ತಾನೇ ಕೈಹಾಕಿದ್ದು ಮುದ್ದೇನಹಳ್ಳಿಯ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1912ರಿಂದ 1918ರ ನಡುವೆ. ವಾಷಿಂಗ್ಟನ್ ಮಾರಿ ಎಂಬ ಇಟಲಿಯ ತಜ್ಞರನ್ನು ಕರೆಸಿದರು, ಚನ್ನಪಟ್ಟಣದಲ್ಲಿ ಸರ್ಕಾರಿ ಬಿತ್ತನೆ ಫಾರಂ ಬಂತು, ರೇಷ್ಮೆಗೆ ಬೇರೆ ಇಲಾಖೆ ಬಂತು. ಮುದ್ದೇನಹಳ್ಳಿಗೆ ಸಮಾಧಿ, ಮ್ಯೂಸಿಯಂ ನೋಡಲು ಬರುವವರು ಕನ್ನಂಬಾಡಿ ಕಟ್ಟೆಯ ಮಾತಾಡಿ ಹೋಗುತ್ತಾರೆ. ಆದರೆ ಕಾವೇರಿಯ ನೀರು ನಮ್ಮ ಕಡೆ ಹರಿಯಲಿಲ್ಲ. ಊರ ಸುತ್ತಲ ಹಿಪ್ಪುನೇರಳೆ ತೋಟಗಳಿಗೆ ಅವರ ಕಾಲದ ಈ ಸಣ್ಣ ಇಲಾಖೆಯೇ ಹೆಚ್ಚು ಹತ್ತಿರದ್ದು ಎಂದು ನಮಗೆ ಅನ್ನಿಸುತ್ತದೆ.

ಅಷ್ಟರಲ್ಲಿ ಜಪಾನಿನಲ್ಲಿ ಇನ್ನೊಂದು ದೊಡ್ಡ ಕೆಲಸ ಆಗಿತ್ತು. ತೊಯಾಮ ಕಮೆತಾರೊ ಎಂಬ ವಿಜ್ಞಾನಿ ಸಯಾಮಿನ ಹಳದಿ ಗೂಡಿನ ತಳಿಗೂ ಜಪಾನಿನ ಬಿಳಿ ಗೂಡಿನ ತಳಿಗೂ ಕೂಡಿಸಿ ನೋಡಿದ್ದರು. ಮೊದಲ ಪೀಳಿಗೆಯ ಹುಳು ಅಪ್ಪ ಅಮ್ಮ ಇಬ್ಬರಿಗಿಂತ ಗಟ್ಟಿ. 1906ರಲ್ಲಿ ಅವರು ಇದನ್ನು ಪ್ರಕಟಿಸಿ, ರೈತರಿಗೆ ಈ ಮಿಶ್ರತಳಿಯನ್ನೇ ಕೊಡಿ ಎಂದರು. 1920ರ ದಶಕದಲ್ಲಿ ಮೈಸೂರಿನಲ್ಲೂ ಜಪಾನಿನ ತಜ್ಞರ ಸಹಾಯದಿಂದ ಅದೇ ದಾರಿ ಹಿಡಿದರು. ತಾಯಿ ಮೈಸೂರು ತಳಿ, ತಂದೆ ವಿದೇಶಿ ಬಿಳಿ ಗೂಡಿನದು. ತಾಯಿಯಿಂದ ಬಿಸಿಲು ತಡೆಯುವ ಗುಣ, ತಂದೆಯಿಂದ ಉದ್ದ ನೂಲು. ಮೈಸೂರು ತಳಿಯ ಒಂದು ಗೂಡಿನಲ್ಲಿ ಸುಮಾರು 400 ಮೀಟರ್ ನೂಲು, ಒಳ್ಳೆಯ ದ್ವಿತಳಿ ಗೂಡಿನಲ್ಲಿ 1,000 ಮೀಟರ್. ಮಿಶ್ರತಳಿ ಇವೆರಡರ ನಡುವೆ.

ಲಾಭ ಬಂತು, ಜೊತೆಗೆ ಒಂದು ಗಂಟೂ ಬಿತ್ತು. ಹೈಬ್ರಿಡ್ ಟೊಮೆಟೊ ಬೆಳೆದವರಿಗೆ ಇದನ್ನು ವಿವರಿಸಬೇಕಿಲ್ಲ. ಮಿಶ್ರತಳಿ ಗೂಡಿನಿಂದ ಚಿಟ್ಟೆ ತೆಗೆದು ಮತ್ತೆ ಮೊಟ್ಟೆ ಮಾಡಿದರೆ ಮುಂದಿನ ಬೆಳೆ ಒಂದೊಂದು ಒಂದೊಂದು ಥರ. ಒಂದು ಗೂಡು ದಪ್ಪ, ಒಂದು ತೆಳು, ಒಂದು ಬಿಳಿ, ಒಂದು ಹಳದಿ. ರೀಲರ್ ಮುಟ್ಟುವುದಿಲ್ಲ. ಹಾಗಾಗಿ ಪ್ರತಿ ಬೆಳೆಗೂ ಹೊಸ ಮೊಟ್ಟೆ ಕೋಠಿಯಿಂದಲೇ ತರಬೇಕು. 1959ರ ರೇಷ್ಮೆ ಬಿತ್ತನೆ ಮತ್ತು ಗೂಡು ಕಾಯ್ದೆ ಇದನ್ನು ಕಾನೂನಾಗಿಯೂ ಮಾಡಿತು. ಪರವಾನಗಿ ಇಲ್ಲದೆ ಮೊಟ್ಟೆ ತಯಾರಿಸುವಂತಿಲ್ಲ, ಬಿತ್ತನೆ ಪ್ರದೇಶ ಬೇರೆ, ನೂಲಿನ ಗೂಡು ಬೆಳೆಯುವ ಪ್ರದೇಶ ಬೇರೆ. ನಾವು ಎರಡನೆಯದರಲ್ಲಿ ಬಂದೆವು. ಚಿಟ್ಟೆ ಮನೆಯಿಂದ ಹೊರಟದ್ದು ಹೀಗೆ. ಈಗ ಚಾಕಿ ಕೇಂದ್ರಗಳು ಬಂದು, ಎರಡನೇ ಜ್ವರ ಎದ್ದ ಹುಳುವೇ ಮನೆ ಬಾಗಿಲಿಗೆ ಬರುತ್ತದೆ. ಚಿಟ್ಟೆಯ ಹಿಂದೆಯೇ ಮೊಟ್ಟೆಯೂ ಹೊರಟಿದೆ.

ಇದರಲ್ಲಿ ಯಾರೋ ಮೋಸ ಮಾಡಿದರು ಎಂದು ನಾವು ಹೇಳುತ್ತಿಲ್ಲ. ಗಂಟು ರೋಗಕ್ಕೆ ಬೇರೆ ಮದ್ದು ಇರಲಿಲ್ಲ, ಈಗಲೂ ಇಲ್ಲ. ಮಿಶ್ರತಳಿ ಇಲ್ಲದಿದ್ದರೆ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ಈ ಮಟ್ಟಕ್ಕೆ ಬರುತ್ತಿರಲಿಲ್ಲ. ನಮ್ಮ ಚಿಂತೆ ಬೇರೆ. ಶುದ್ಧ ಮೈಸೂರು ತಳಿಯನ್ನು ಈಗ ಬೆಳೆಸುವುದು ಮಾಗಡಿ, ಕುಣಿಗಲ್ ಮುಂತಾದ ಬಿತ್ತನೆ ಪ್ರದೇಶದ ರೈತರು ಮಾತ್ರ. ಚಿಕ್ಕ ಗೂಡು, ಕಡಿಮೆ ನೂಲು, ನೂಲಿನ ಬೆಲೆಗೆ ಮಾರಿದರೆ ಕೂಲಿಯೂ ಗಿಟ್ಟದು. ಕೋಠಿಯವರು ಬಿತ್ತನೆಗೆ ಕೊಡುವ ಬೆಲೆಯ ಮೇಲೆ ಮಾತ್ರ ಅದು ಬದುಕಿದೆ. ಇನ್ನೊಂದು ಕಡೆ ಇಲಾಖೆಯ ಒತ್ತಾಸೆಯೆಲ್ಲ ಬಿಳಿ ದ್ವಿತಳಿ ಗೂಡಿಗೆ. ಸ್ವಯಂಚಾಲಿತ ಯಂತ್ರಗಳಿಗೆ ಅದೇ ಬೇಕು. ದ್ವಿತಳಿಗೆ ಮೈಸೂರು ತಾಯಿ ಬೇಕಿಲ್ಲ. ನಮ್ಮ ರೈತರು ಬಿಳಿ ಗೂಡಿಗೆ ಹೋದಷ್ಟೂ ಮಾಗಡಿಯ ರೈತನ ಬಿತ್ತನೆ ಗೂಡಿಗೆ ಗಿರಾಕಿ ಕಡಿಮೆ. ಅವನು ಸೊಪ್ಪಿನ ತೋಟ ಕಿತ್ತು ಅಡಿಕೆ ಇಟ್ಟರೆ ಆ ತಳಿ ರೈತರ ಮನೆಯಿಂದ ಹೋಗಿ ಸಂಶೋಧನಾ ಕೇಂದ್ರದ ತಟ್ಟೆಯಲ್ಲಿ ಮಾತ್ರ ಉಳಿಯುತ್ತದೆ. ಎರಡು ಶತಮಾನಕ್ಕೂ ಮೇಲ್ಪಟ್ಟು ಈ ಬಿಸಿಲಲ್ಲಿ ಬಾಳಿದ ತಳಿ. ಬೇಸಿಗೆಯಲ್ಲಿ ದ್ವಿತಳಿ ಸಪ್ಪೆ ರೋಗ ಬಂದು ಕೈಕೊಟ್ಟಾಗ ನಮ್ಮವರು ಮಿಶ್ರತಳಿಯ ಕಡೆ ತಿರುಗುವುದು ಈ ತಾಯಿಯ ಗುಣಕ್ಕಾಗಿಯೇ.

ಶಿಡ್ಲಘಟ್ಟದ ಮಾರುಕಟ್ಟೆಗೆ ಹೋದರೆ ತಟ್ಟೆಗಳಲ್ಲಿ ಎರಡು ಬಣ್ಣ ಕಾಣುತ್ತದೆ. ಬಿಳಿ ಗೂಡು ದ್ವಿತಳಿ, ಹಳದಿ ಗೂಡು ಮಿಶ್ರತಳಿ. ಆ ಹಳದಿ ಬಂದಿರುವುದು ಮೈಸೂರು ತಾಯಿಯಿಂದ. ಹರಾಜು ಮುಗಿದ ಮೇಲೆ ರೀಲರ್ ಅದನ್ನು ಬೇಗ ಬೇಯಿಸಲೇಬೇಕು. ಹುಳು ಹಣ್ಣಾಗಿ ಚಂದ್ರಂಕಿಗೆ ಬಿಟ್ಟ ಎರಡು ವಾರದೊಳಗೆ ಚಿಟ್ಟೆ ತೂತು ಮಾಡಿಕೊಂಡು ಹೊರಗೆ ಬಂದುಬಿಡುತ್ತದೆ, ತೂತಾದ ಗೂಡಿನಿಂದ ನೂಲು ಬಿಚ್ಚಲು ಬರುವುದಿಲ್ಲ.