ದೇವರಿಗೆ ಕನ್ನಡ ಬರುತ್ತಾ?

ಕಳೆದ ಗಣೇಶನ ಹಬ್ಬದ ದಿನ. ನಮ್ಮ ಸಂಘ ಬಾಡಿಗೆಗೆ ಹಿಡಿದಿದ್ದ ಶಾಲೆಯ ಸಭಾಂಗಣದಲ್ಲಿ ಪೂಜೆ ನಡೆದಿತ್ತು. ಪುರೋಹಿತರು ಸಂಸ್ಕೃತದಲ್ಲಿ ಮಂತ್ರ ಹೇಳಿ, ನಡುನಡುವೆ ಇಂಗ್ಲಿಷಿನಲ್ಲಿ ಅರ್ಥ ಬಿಡಿಸುತ್ತಿದ್ದರು. ಪಕ್ಕದಲ್ಲಿದ್ದ ನನ್ನ ಎಂಟು ವರ್ಷದ ಮಗಳು ಜುಬ್ಬಾ ಎಳೆದು, "ಅಪ್ಪಾ, ದೇವರಿಗೆ ಕನ್ನಡ ಬರುತ್ತಾ?" ಎಂದಳು. "ಶ್! ಆಮೇಲೆ ಹೇಳ್ತೀನಿ, ಈಗ ಕೈ ಮುಗಿ" ಎಂದೆ. ಆಮೇಲೆ ಊಟದ ಸಾಲು, ಪಾತ್ರೆ ತೊಳೆಯುವ ಗಡಿಬಿಡಿ. ನಾನು ಹೇಳಲಿಲ್ಲ. ಅವಳೂ ಮತ್ತೆ ಕೇಳಲಿಲ್ಲ. ಅವಳು ಮತ್ತೆ ಕೇಳಲಿಲ್ಲವಲ್ಲ ಎಂಬುದೇ ನನ್ನನ್ನು ಕೊರೆಯತೊಡಗಿತು.

ಬಂಧುಗಳೇ, ಈ ಪ್ರಶ್ನೆಗೆ ನಮ್ಮ ನಾಡಿನಲ್ಲಿ ಎಂಟುನೂರು ವರ್ಷಗಳಿಗೂ ಹಿಂದೆಯೇ ಉತ್ತರ ಸಿಕ್ಕಿತ್ತು. ಕನ್ನಡದಲ್ಲಿ ಅದಕ್ಕೆ ಮುಂಚೆಯೂ ಮಹಾಕಾವ್ಯಗಳಿದ್ದವು. ಪಂಪ 10ನೆಯ ಶತಮಾನದವನು. ಆದರೆ ಅದು ಬಹುಮಟ್ಟಿಗೆ ಆಸ್ಥಾನದ, ಪಂಡಿತರ ಕನ್ನಡ. 12ನೆಯ ಶತಮಾನದಲ್ಲಿ, ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ ನೆರೆದ ಶರಣರು ಮನೆಯಲ್ಲಿ, ಕೆಲಸದಲ್ಲಿ ಆಡುವ ಮಾತಿನಲ್ಲೇ ದೇವರೊಡನೆ ಮಾತಾಡಿದರು. ಅವರಲ್ಲಿ ದೋಣಿ ನಡೆಸುವ ಅಂಬಿಗರ ಚೌಡಯ್ಯ, ಬಟ್ಟೆ ಒಗೆಯುವ ಮಡಿವಾಳ ಮಾಚಯ್ಯ ಇದ್ದರು. ಮೂವತ್ತಕ್ಕೂ ಹೆಚ್ಚು ಮಂದಿ ಹೆಂಗಸರಿದ್ದರು. ಬಸವಣ್ಣನವರ ವಚನಗಳಲ್ಲಿ ಕೂಡಲಸಂಗಮದೇವ, ಅಕ್ಕಮಹಾದೇವಿಯ ವಚನಗಳಲ್ಲಿ ಚೆನ್ನಮಲ್ಲಿಕಾರ್ಜುನ, ಹೀಗೆ ಹೆಸರು ಹಿಡಿದು ಕರೆದ ಕರೆ ಇದೆ. ಎದುರಿಗೆ ಕುಳಿತವರನ್ನಲ್ಲದೆ ಯಾರನ್ನು ಹೀಗೆ ಕರೆಯುತ್ತೇವೆ?

ಇವರು ಕೇಳಿದ ಪ್ರಶ್ನೆಗಳ ಬಗೆಯೂ ಬೇರೆ. ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣ, ಹಣವಂತರು ಗುಡಿ ಕಟ್ಟಿಸುತ್ತಾರೆ, ಬಡವನಾದ ನಾನೇನು ಮಾಡಲಿ ಎಂದು ಕೇಳುತ್ತಾರೆ. ಕೊರಗಿನಂತೆ ತೋರುವ ಆ ಪ್ರಶ್ನೆಯಿಂದಲೇ ದೇಹವೇ ದೇಗುಲವೆಂಬ ಉತ್ತರ ಹುಟ್ಟುತ್ತದೆ. ಆಯ್ದಕ್ಕಿ ಲಕ್ಕಮ್ಮನ ಕಥೆ ನಿಮಗೆ ಗೊತ್ತಿರಬಹುದು. ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಗಂಡ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ತಂದ. ಆಕೆ ಸಂತೋಷಪಡಲಿಲ್ಲ, ಈ ಆಸೆ ನಿಮಗೇಕೆ ಎಂದು ಕೇಳಿ, ಹೆಚ್ಚಿನದನ್ನು ಅಲ್ಲೇ ಸುರಿದು ಬರಲು ಹೇಳಿದಳು. "ಇನ್ನಷ್ಟು ಕೊಡು" ಎಂದು ಕೇಳುವವನಿಗೆ ದೇವರು ಬರೀ ಸಾಹುಕಾರ. "ನನಗೆ ಇಷ್ಟು ಬೇಕೆ?" ಎಂದು ಕೇಳುವವಳಿಗೆ ದೇವರು ಜೊತೆಯಲ್ಲೇ ಬಾಳುವವನು.

ಪ್ರಶ್ನೆಯ ಬೆಲೆ ಎಷ್ಟೆಂದು 'ಶೂನ್ಯಸಂಪಾದನೆ' ತೋರಿಸುತ್ತದೆ. 15ನೆಯ ಶತಮಾನದಿಂದೀಚೆಗೆ ಒಬ್ಬರಾದ ಮೇಲೊಬ್ಬರು ವಚನಗಳನ್ನು ಸಂವಾದವಾಗಿ ಜೋಡಿಸಿದ ಗ್ರಂಥವಿದು. ಉಡುತಡಿಯಿಂದ ಬಂದ ಅಕ್ಕನನ್ನು ಅಲ್ಲಮಪ್ರಭು ಸುಮ್ಮನೆ ಒಳಗೆ ಬಿಟ್ಟುಕೊಳ್ಳುವುದಿಲ್ಲ. ನಿನ್ನ ಪತಿ ಯಾರು, ಉಡುಗೆ ಬಿಟ್ಟವಳು ಕೂದಲಿನಿಂದ ಮೈ ಮುಚ್ಚಿಕೊಂಡಿದ್ದೇಕೆ ಎಂದು ಬಿರುಸಾಗಿಯೇ ಕೇಳುತ್ತಾರೆ. ಅಕ್ಕ ತಲೆ ತಗ್ಗಿಸದೆ ಒಂದೊಂದಕ್ಕೂ ಉತ್ತರ ಕೊಡುತ್ತಾಳೆ. ಕೊನೆಗೆ ಎಲ್ಲರೂ ಆಕೆಗೆ ಶರಣೆನ್ನುತ್ತಾರೆ. ಈ ಮಾತುಗಳು ಕಲ್ಯಾಣದಲ್ಲಿ ಇದೇ ಕ್ರಮದಲ್ಲಿ ನಡೆದವೆಂದು ಹೇಳಲಾಗದು. ಜೋಡಣೆ ನಡೆದದ್ದು ಸುಮಾರು ಮುನ್ನೂರು ವರ್ಷಗಳ ಮೇಲೆ. ಆದರೆ ಪ್ರಶ್ನೆಗೆ ನಿಂತು ಉತ್ತರಿಸಿದಾಗಲೇ ಭಕ್ತಿ ಗಟ್ಟಿಯಾಗುತ್ತದೆಂದು ಆ ಹಿರಿಯರು ನಂಬಿದ್ದರೆಂಬುದಂತೂ ನಿಜ.

ಕಲ್ಯಾಣದ ಗಲಭೆಯಲ್ಲಿ ಶರಣರು ಚದುರಿಹೋದರು. ವಚನಗಳು ಓಲೆಗರಿಗಳಲ್ಲಿ ಮಠ-ಮನೆಗಳ ಅಟ್ಟ ಸೇರಿದವು. ಬಿಜಾಪುರದ ವಕೀಲ ಫ.ಗು. ಹಳಕಟ್ಟಿಯವರು ಅವನ್ನು ಹುಡುಕಿ ಕೂಡಿಸಿ 1923ರಲ್ಲಿ 'ವಚನಶಾಸ್ತ್ರಸಾರ' ಪ್ರಕಟಿಸಿದರು. ಅವರಂಥವರು ಇಲ್ಲದಿದ್ದರೆ ಎಷ್ಟೋ ಪ್ರಶ್ನೆಗಳು ನಮ್ಮವರೆಗೆ ತಲುಪುತ್ತಲೇ ಇರಲಿಲ್ಲ.

ಕಳೆದ ಭಾನುವಾರ ಮಗಳನ್ನು ಕೂರಿಸಿಕೊಂಡು, "ಬರುತ್ತಮ್ಮಾ, ದೇವರಿಗೆ ಕನ್ನಡ ಚೆನ್ನಾಗಿಯೇ ಬರುತ್ತೆ" ಎಂದು ಈ ಕಥೆಗಳನ್ನು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನನ್ನ ಕನ್ನಡದಲ್ಲಿ ತಪ್ಪಿರುತ್ತಲ್ಲ, ಅದೂ ಗೊತ್ತಾಗುತ್ತಾ?" ಎಂದಳು. ಗಂಟಲು ಕಟ್ಟಿತು. ಈ ಸಲ ಮಾತ್ರ "ಆಮೇಲೆ" ಎನ್ನಲಿಲ್ಲ.

ಸಂಘದ ಹಿರಿಯರಲ್ಲಿ ಒಂದು ವಿನಂತಿ. ಬರುವ ದೀಪಾವಳಿಯಲ್ಲಿ ಮಂಗಳಾರತಿಗೂ ಊಟಕ್ಕೂ ನಡುವೆ ಹತ್ತು ನಿಮಿಷ ಮಕ್ಕಳ ಪ್ರಶ್ನೆಗಳಿಗೆಂದೇ ಇಡೋಣ. ಗೊತ್ತಿದ್ದರೆ ಹೇಳೋಣ, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನೋಣ. "ಶ್!" ಎನ್ನುವುದು ಮಾತ್ರ ಬೇಡ.