ನೋವಿಲ್ಲದ ಕಾಲಿನ ಅಟ್ಟೆ

ಚಿಂತಾಮಣಿ ತಾಲ್ಲೂಕಿನ ಕೆಂಚಾರ್ಲಹಳ್ಳಿ ಕಡೆಯ ಹೊಲಗಳಲ್ಲಿ ಎತ್ತು ಕಟ್ಟಿ ಬಾವಿಯಿಂದ ನೀರೆತ್ತುವ ಕಪಿಲೆ ಹೊಡೆಯುತ್ತಿದ್ದ ಕಾಲದಲ್ಲಿ ಚರ್ಮದ ಮೇಲೆ ಮೊದಲ ಹಕ್ಕು ಬಾವಿಯದು, ಆಮೇಲೆ ಎತ್ತಿನದು, ಮನುಷ್ಯನ ಕಾಲಿನದು ಕೊನೆಗೆ. ನೀರೆತ್ತುವ ಚೀಲ, ಮಿಣಿ, ಬಾರುಕೋಲಿನ ಬಾರು ಎಲ್ಲ ಆದ ಮೇಲೆ ಉಳಿದ ತುಂಡಿನಲ್ಲಿ ಎಕ್ಕಡ. ನನ್ನ ತಾತ ಮಾಡುತ್ತಿದ್ದದ್ದು ಇದೇ ಕೆಲಸ. ಕೂಲಿ ದುಡ್ಡಿನಲ್ಲಿ ಬರುತ್ತಿರಲಿಲ್ಲ. ರಾಗಿ ತೂರಿ ರಾಶಿ ಮಾಡಿದ ದಿನ ಆಯಗಾರರ ಸಾಲಿನಲ್ಲಿ ಕಣದ ಅಂಚಿಗೆ ನಿಂತರೆ ಮೊರದಲ್ಲಿ ಅಳೆದು ಹಾಕುತ್ತಿದ್ದರು. ಊರಲ್ಲಿ ಸತ್ತ ದನ ಅವನ ಪಾಲು. ಅದರ ಚರ್ಮ ಹದ ಮಾಡಿ ಊರಿಗೇ ತಿರುಗಿ ಕೊಡುವ ಹೊಣೆಯೂ ಅವನದೇ.

ಹದ ಮಾಡುವುದೆಂದರೆ ವಾರಗಟ್ಟಲೆ ನಾರುವ ಕೆಲಸ. ಸುಣ್ಣದ ನೀರಲ್ಲಿ ನೆನೆಸಿ ಕೂದಲು ಕಿತ್ತು, ಮಾಂಸ ಹೆರೆದು, ತೊಳೆದು, ಆಮೇಲೆ ತಂಗಡಿ ತೊಗಟೆಯ ನೀರಿಗೆ ಹಾಕಬೇಕು. ಕೊನೆಯಲ್ಲಿ ಚರ್ಮವನ್ನೇ ಚೀಲದ ಹಾಗೆ ಹೊಲಿದು, ಒಳಗೆ ತೊಗಟೆ ಪುಡಿ, ನೀರು ತುಂಬಿ ಮರದ ಕೊಂಬೆಗೆ ನೇತುಹಾಕುವುದು. ಒಗರು ನೀರು ಒಳಗಿನಿಂದ ಜಿನುಗುತ್ತಾ ಚರ್ಮದ ಎಳೆ ಎಳೆಗೂ ಇಳಿಯುತ್ತದೆ. ತಂಗಡಿ ಗಿಡಕ್ಕೆ ನಮ್ಮ ಬೀಳುಗಳಲ್ಲಿ ಬರವಿರಲಿಲ್ಲ. ಹಳದಿ ಹೂವು ಬಿಟ್ಟು ನಿಂತಿರುತ್ತಿತ್ತು. ಇದೇ ತೊಗಟೆಯಲ್ಲಿ ಅರೆಹದವಾದ ದಕ್ಷಿಣದ ಚರ್ಮ ಮದ್ರಾಸಿನಲ್ಲಿ ಹಡಗು ಹತ್ತಿ ಇಂಗ್ಲೆಂಡಿಗೆ ಹೋಗುತ್ತಿತ್ತು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನಿಕರ ಬೂಟಿನ ಮೇಲ್ಭಾಗಕ್ಕೆ ಬಳಕೆಯಾದದ್ದೂ ಈ ಬಗೆಯ ಚರ್ಮವೇ.

ತೊಗಟೆಯಲ್ಲಿ ಹದವಾದ ಚರ್ಮಕ್ಕೊಂದು ಗುಣವಿದೆ. ಅದು ಬೆವರು ಹೀರುತ್ತದೆ. ಬೆವರಿಗೆ, ಕಾಲಿನ ಬಿಸಿಗೆ ಮೆತ್ತಗಾಗಿ ಕಾಲಿನ ಆಕಾರಕ್ಕೆ ಇಳಿಯುತ್ತದೆ. ಹೊಸ ಎಕ್ಕಡ ಕಚ್ಚುತ್ತದೆ. ಕಚ್ಚಿದ ಕಡೆ ಹರಳೆಣ್ಣೆ ಬಳಿದು, ಮತ್ತೆ ಮೆಟ್ಟಿ, ಮತ್ತೆ ಬಳಿದು ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅಟ್ಟೆಯ ಮೇಲೆ ಹಿಮ್ಮಡಿಯ ತಗ್ಗು, ಹೆಬ್ಬೆರಳ ತಗ್ಗು ಬಿದ್ದು ಒಬ್ಬನ ಎಕ್ಕಡ ಇನ್ನೊಬ್ಬನಿಗೆ ಆಗದಂತಾಗುತ್ತದೆ. ಈಗ ಬೆಂಗಳೂರಿನಲ್ಲಿ ಪಾದವನ್ನು ಕಂಪ್ಯೂಟರಿನಲ್ಲಿ ಅಳೆದು ಕಡೆದುಕೊಡುವ ಇನ್‌ಸೋಲ್ ಮಾಡುವುದೂ ಇಷ್ಟನ್ನೇ. ಎಕ್ಕಡಕ್ಕೆ ಆ ಆಕಾರ ಬರುವ ತನಕ ಕಾಲು ನೋಯಬೇಕಿತ್ತು, ಅಷ್ಟೇ. ಎಲ್ಲಿ ಎಣ್ಣೆ ಹಾಕಬೇಕು, ಯಾವಾಗ ಬಿಚ್ಚಿಡಬೇಕು ಎಂದು ಹೇಳುತ್ತಿದ್ದದ್ದು ನೋವು. ಕಾಲಿಗೆ ನೋವೇ ಗೊತ್ತಾಗದಿದ್ದರೆ ಏನಾಗುತ್ತದೆ ಎಂಬುದು ತಾತನ ಕಸುಬಿಗೆ ಎದುರಾಗದ ಪ್ರಶ್ನೆ. ನನ್ನ ಕಸುಬೆಲ್ಲ ಆ ಪ್ರಶ್ನೆಯಿಂದಲೇ ಹುಟ್ಟಿತು.

ಅದಕ್ಕೆ ಮೊದಲು ಇನ್ನೊಂದು ಮಾತು. ಎಕ್ಕಡ ಹೊಲಿದವನು ಅದನ್ನು ಮೆಟ್ಟಿಕೊಂಡು ಊರೊಳಗೆ ಕಾಲಿಡುವಂತಿರಲಿಲ್ಲ. ತಾತ ಗೌಡರ ಮನೆಯ ಬೀದಿ ಬರುತ್ತಿದ್ದ ಹಾಗೆ ಬಿಚ್ಚಿ ಕಂಕುಳಲ್ಲಿ ಇರುಕಿಕೊಳ್ಳುತ್ತಿದ್ದ. ಹೊಸ ಜೋಡು ಒಪ್ಪಿಸಲು ಹೋದಾಗಲೂ ಬರಿಗಾಲೇ. ಅದೆಲ್ಲ ಹಳೇ ಕಾಲದ್ದು ಬಿಡಿ ಅನ್ನುವವರಿದ್ದಾರೆ. 2000ರ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಸುಟ್ಟು ಕೊಂದದ್ದು ಇದೇ ಚಿಂತಾಮಣಿ ತಾಲ್ಲೂಕಿನಲ್ಲಿ; ಮುಂದೆ ಆರೋಪಿಗಳು ಖುಲಾಸೆಯಾದರು. ಅದನ್ನು ಇಲ್ಲಿ ಬಿಡಿಸಿ ಬರೆಯುವುದಿಲ್ಲ. ಆದರೆ ಯಾರ ಕಾಲಲ್ಲಿ ಏನಿದೆ ಎಂದು ಬೀದಿ ನೋಡುತ್ತಿರುತ್ತದೆ ಎಂಬುದನ್ನು ಮರೆತು ಚಪ್ಪಲಿಯ ಚರಿತ್ರೆ ಬರೆಯಲು ನನ್ನಿಂದ ಆಗದು.

ತಾತನ ಕಸುಬು ಹೋದದ್ದು ಬೇಗ. ಆಲ್ಫ್ರೆಡ್ ಚಾಟರ್ಟನ್ ಎಂಬ ಇಂಗ್ಲಿಷಿನವ ಇಪ್ಪತ್ತನೇ ಶತಮಾನದ ಮೊದಲ ವರ್ಷಗಳಲ್ಲಿ ಮದ್ರಾಸಿನಲ್ಲಿ ಕ್ರೋಮ್ ಹದ ಶುರು ಮಾಡಿದಾಗ ಅವನ ಕಣ್ಣಿದ್ದದ್ದು ಕಪಿಲೆ ಚೀಲದ ಮೇಲೆ: ನೀರಲ್ಲಿ ಬೇಗ ಕೊಳೆಯದ ಚರ್ಮ ರೈತನಿಗೆ ಬೇಕು ಎಂದು. ಮುಂದೆ ಅವನೇ ಮೈಸೂರು ಸಂಸ್ಥಾನದ ಕೈಗಾರಿಕೆಗಳ ನಿರ್ದೇಶಕನಾದ. ಅಷ್ಟರಲ್ಲಿ ಹಸಿ ಚರ್ಮಕ್ಕೆ ಪೇಟೆಯ ಬೆಲೆ ಬಂದಿತ್ತು. ಆಮೇಲೆ ಪಂಪ್‌ಸೆಟ್ ಬಂದು ಕಪಿಲೆಯೇ ಹೋಯಿತು, ಹಿಂದೆಯೇ ಬೋರ್‌ವೆಲ್ ಬಂದು ಬಾವಿಯೂ ಹೋಯಿತು. ನಮ್ಮಪ್ಪ ಚಿಂತಾಮಣಿ ಸಂತೆಯಲ್ಲಿ ಲಾರಿ ಟೈರು ಕೊಯ್ದು ಚಪ್ಪಲಿ ಮಾಡುತ್ತಿದ್ದ. ಜಾಲಿ ಮುಳ್ಳು ತೂರದು, ವರ್ಷಗಟ್ಟಲೆ ಸವೆಯದು. ಆದರೆ ಬೇಸಿಗೆಯಲ್ಲಿ ಕಾದ ಕಾವಲಿಯೇ, ಕಾಲಿನ ಆಕಾರಕ್ಕೆ ಒಂದು ಎಳೆಯಷ್ಟೂ ಬಗ್ಗದು. ಅದರ ಮೇಲೆ ಹವಾಯಿ ಚಪ್ಪಲಿ ಬಂದಿತು. ಅಪ್ಪನ ಅಂಗಡಿ ಉಂಗುಷ್ಟ ಹಾಕಿಕೊಡುವ, ಬಾರು ಬದಲಿಸುವ ಕೆಲಸಕ್ಕೆ ಇಳಿಯಿತು.

ಹವಾಯಿ ಚಪ್ಪಲಿಯನ್ನು ಬಡವರ ಸಾಮಾನೆಂದು ತಳ್ಳಿಹಾಕುವವರು ಅದನ್ನೊಮ್ಮೆ ಅಡ್ಡ ಕೊಯ್ದು ನೋಡಬೇಕು. ರಬ್ಬರಿಗೆ ಗಂಧಕದ ಜೊತೆ, ಬಿಸಿಗೆ ಅನಿಲ ಬಿಡುವ ಒಂದು ಪುಡಿಯನ್ನೂ ಬೆರೆಸಿ ಅಚ್ಚಿನಲ್ಲಿ ಒತ್ತಿ ಬೇಯಿಸುತ್ತಾರೆ. ಅಚ್ಚು ತೆರೆದ ಕೂಡಲೇ ಹಾಳೆ ಉಬ್ಬಿ ಹೊರಕ್ಕೆ ನೆಗೆಯುತ್ತದೆ. ಒಳಗೆ ಲಕ್ಷಾಂತರ ಸಣ್ಣ ಗಾಳಿಗೂಡು, ಪ್ರತಿಯೊಂದಕ್ಕೂ ಅದರದೇ ಗೋಡೆ. ಒತ್ತಿದರೆ ಗಾಳಿ ಓಡಿಹೋಗದೆ ಅಲ್ಲೇ ಅದುಮಿಕೊಂಡು, ಬಿಟ್ಟರೆ ಹಿಂದಕ್ಕೆ ತಳ್ಳುತ್ತದೆ. ಇದು ಮೈಕ್ರೋಸೆಲ್ಯುಲಾರ್ ರಬ್ಬರು, ನಮ್ಮ ಬಾಯಲ್ಲಿ ಎಂಸಿಆರ್. ಇದನ್ನೇ ಇನ್ನೂ ಮೆತ್ತಗೆ ಮಾಡಿ ಅಂಗಾಲಿನ ಕೆಳಗೆ ಹಾಸಿದ ಚಪ್ಪಲಿ ನಮ್ಮ ಕಡೆಗೆ ವೆಲ್ಲೂರಿನ ದಾರಿಯಿಂದ ಬಂದಿತು.

ಮುಳಬಾಗಿಲು, ಪಲಮನೇರು, ಚಿತ್ತೂರು ದಾಟಿದರೆ ವೆಲ್ಲೂರು. ದೊಡ್ಡರೋಗ ಬಂದವರು, ಅಂದರೆ ಕುಷ್ಠರೋಗಿಗಳು, ಆಗಿನ ಕೋಲಾರ ಜಿಲ್ಲೆಯಿಂದ ಅಲ್ಲಿಗೆ ಹೋಗುತ್ತಿದ್ದರು. ಕೊಲ್ಲಿ ಬೆಟ್ಟದಲ್ಲಿ 1914ರಲ್ಲಿ ಹುಟ್ಟಿದ ಡಾ. ಪಾಲ್ ಬ್ರ್ಯಾಂಡ್ 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದರು. ಕುಷ್ಠದಲ್ಲಿ ಮಾಂಸವೇ ಕೊಳೆತು ಬೆರಳು ಉದುರುತ್ತದೆ ಎಂದು ಆಗ ಡಾಕ್ಟರುಗಳೂ ನಂಬಿದ್ದರು. ಬ್ರ್ಯಾಂಡ್ ಕಂಡುಕೊಂಡದ್ದು ಬೇರೆ: ರೋಗ ಕೆಡಿಸುವುದು ನರವನ್ನು; ಸ್ಪರ್ಶ ಸತ್ತ ಕಾಲು ತನ್ನನ್ನು ತಾನೇ ತುಳಿದು ಹಾಳು ಮಾಡಿಕೊಳ್ಳುತ್ತದೆ. ಮೊಳೆ ಚುಚ್ಚುವುದು ಒಂದು ಬಗೆ. ಬಿಗಿಯಾದ ಬೂಟು ಗಂಟೆಗಟ್ಟಲೆ ಒತ್ತಿ ರಕ್ತ ಹರಿಯದಂತೆ ಮಾಡುವುದು ಇನ್ನೊಂದು. ಮೂರನೆಯದನ್ನು ಅವರಿಗಿಂತ ಮೊದಲು ಹೆಚ್ಚು ಜನ ಗಮನಿಸಿರಲಿಲ್ಲ. ಏನೂ ಅಪಾಯವಿಲ್ಲದ ಸಾಧಾರಣ ಒತ್ತಡವೇ ಅದೇ ಜಾಗದಲ್ಲಿ ಸಾವಿರಾರು ಸಲ ಬಿದ್ದರೆ ಚರ್ಮದ ಒಳಗಡೆ ಊತ ಬಂದು ಒಡೆಯುತ್ತದೆ. ನಾವು ನೀವು ಮೈಲಿಗಟ್ಟಲೆ ನಡೆದರೆ ಗೊತ್ತಿಲ್ಲದಂತೆಯೇ ಕಾಲನ್ನು ಸ್ವಲ್ಪ ಓರೆ ಹಾಕಿ ಭಾರ ಬದಲಿಸುತ್ತೇವೆ, ಕುಂಟುತ್ತೇವೆ, ಕೂರುತ್ತೇವೆ. ನೋವು ತಿಳಿಯದವನು ಮೊದಲ ಹೆಜ್ಜೆ ಇಟ್ಟ ಹಾಗೆಯೇ ಕೊನೆಯ ಹೆಜ್ಜೆಯನ್ನೂ ಇಡುತ್ತಾನೆ.

ಹಾಗಾಗಿ ಮೆತ್ತನೆಯ ಅಟ್ಟೆ ನಮ್ಮ ಕಡೆಗೆ ಸುಖಕ್ಕಾಗಿ ಬರಲಿಲ್ಲ. ಭಾರವನ್ನು ಅಂಗಾಲಿನ ಹೆಚ್ಚು ಜಾಗಕ್ಕೆ ಹಂಚುವುದಕ್ಕೆ ಬಂದಿತು.

1955ರಲ್ಲಿ ಕಾಟ್ಪಾಡಿ ಹತ್ತಿರದ ಕರಿಗಿರಿಯಲ್ಲಿ ಕುಷ್ಠರೋಗದ ಸಂಶೋಧನಾ ಆಸ್ಪತ್ರೆ ಶುರುವಾಯಿತು. ಎಂಬತ್ತರ ದಶಕದಲ್ಲಿ ನಾನು ಚಪ್ಪಲಿ ತಂತ್ರಜ್ಞನ ತರಬೇತಿಗೆ ಅಲ್ಲಿಗೆ ಹೋದೆ. ನನ್ನ ಕೈಗೆ ರಂಪಿಗೆ, ದಬ್ಬಳ ಹೊಸದಲ್ಲ. ಅಲ್ಲಿ ಕಲಿತದ್ದರಲ್ಲಿ ಹೆಚ್ಚಿನದು ಏನು ಮಾಡಬಾರದು ಎಂಬುದು. ಮೊಳೆ ಹೊಡೆಯಬಾರದು, ಸವೆದು ಮೇಲೆದ್ದ ಮೊಳೆ ಆ ಕಾಲಿಗೆ ಗೊತ್ತಾಗುವುದಿಲ್ಲ. ಎರಡು ಬೆರಳ ಮಧ್ಯೆ ಉಂಗುಷ್ಟ ಇಡಬಾರದು. ಬೆರಳ ಸಂದಿಯನ್ನು ಕೊಯ್ಯುತ್ತದೆ. ಹಿಮ್ಮಡಿಗೆ ಹಿಂದಿನ ಬಾರು ಇಲ್ಲದೆ ಕೊಡಬಾರದು. ಶಕ್ತಿ ಸತ್ತ ಕಾಲಿನಿಂದ ಚಪ್ಪಲಿ ಜಾರಿ ಬಿದ್ದರೂ ಅವನು ನಡೆಯುತ್ತಲೇ ಇರುತ್ತಾನೆ. ಹೊಸ ಚಪ್ಪಲಿಯನ್ನು ಮೊದಲ ದಿನ ಹೆಚ್ಚು ಹೊತ್ತು ಹಾಕಿಸಬಾರದು. ಬಿಚ್ಚಿಸಿ, ಕೆಂಪಗಾಗಿದೆಯೇ ಎಂದು ಕಣ್ಣಿಂದ ನೋಡಬೇಕು. ತಾತನ ಕಾಲದಲ್ಲಿ ನೋವು ಮಾಡುತ್ತಿದ್ದ ಕೆಲಸವನ್ನು ಈಗ ಕಣ್ಣು ಮಾಡಬೇಕು.

ರಬ್ಬರನ್ನು ಆರಿಸುವುದಕ್ಕೂ ಲೆಕ್ಕವಿತ್ತು. ಶೋರ್ ಮಾಪಕದಲ್ಲಿ ಗಡಸುತನ 15ರಿಂದ 20 ಇರಬೇಕು. ಮಾಪಕ ಇಲ್ಲದ ಹಳ್ಳಿಯ ಕ್ಯಾಂಪಿನಲ್ಲಿ ಹೆಬ್ಬೆರಳು, ತೋರುಬೆರಳ ಮಧ್ಯೆ ಹಿಂಡಿ ನೋಡುತ್ತಿದ್ದೆವು: ದಪ್ಪ ಅರ್ಧಕ್ಕೆ ಇಳಿಯಬೇಕು. ಅದಕ್ಕಿಂತ ಮೆತ್ತಗಿದ್ದರೆ ಮೂಳೆ ನೆಲ ಮುಟ್ಟುತ್ತದೆ, ಗಟ್ಟಿಯಿದ್ದರೆ ಹಾಕಿಯೂ ಪ್ರಯೋಜನವಿಲ್ಲ. ಎಂಸಿಆರ್ ಒಂದನ್ನೇ ಮೆಟ್ಟಿದರೆ ಮುಳ್ಳು ನೇರ ಒಳಕ್ಕೆ ಬರುತ್ತದೆ. ಆದ್ದರಿಂದ ಅಡಿಗೆ ಗಟ್ಟಿ ಅಟ್ಟೆ. ಅಪ್ಪನ ಟೈರು ಅಲ್ಲಿ ಕೆಲಸಕ್ಕೆ ಬಂದಿತು. ಸ್ಪರ್ಶ ಎಲ್ಲೆಲ್ಲಿ ಸತ್ತಿದೆ ಎಂದು ಬಾಲ್‌ಪೆನ್ನಿನ ತುದಿ ಮುಟ್ಟಿಸಿ ನೋಡುತ್ತಿದ್ದೆವು. ಭಾರ ಎಲ್ಲಿ ಬೀಳುತ್ತದೆ ಎಂದು ತಿಳಿಯಲು ಹ್ಯಾರಿಸ್ ಮ್ಯಾಟ್: ಸಣ್ಣ ಏಣುಗಳಿರುವ ರಬ್ಬರು ಹಾಸಿಗೆ ಶಾಯಿ ಬಳಿದು, ಕಾಗದ ಹೊದಿಸಿ ಮೇಲೆ ನಡೆಸಿದರೆ ಹೆಚ್ಚು ಭಾರ ಬಿದ್ದ ಜಾಗ ಕಪ್ಪಗೆ ಮೂಡುತ್ತದೆ. ಕೆನಡಾದ ಸೈನಿಕರ ಪಾದ ಪರೀಕ್ಷೆಗೆಂದು ಮಾಡಿದ್ದು, 1947ರಲ್ಲಿ ಪ್ರಕಟವಾದದ್ದು. ಕಪ್ಪು ಕಂಡಲ್ಲಿ ಅಟ್ಟೆಯನ್ನು ತಗ್ಗು ಮಾಡುವುದು, ಅದರ ಹಿಂದೆ ಸ್ವಲ್ಪ ಎತ್ತರಿಸುವುದು, ಇಷ್ಟರಲ್ಲೇ ಹಲವರ ಹುಣ್ಣು ಮಾಯುತ್ತಿತ್ತು.

ಚಪ್ಪಲಿ ಚೆನ್ನಾಗಿತ್ತು. ಮೆಟ್ಟಿಕೊಳ್ಳುವವರಿರಲಿಲ್ಲ.

ದಪ್ಪ ಕರೀ ರಬ್ಬರು, ಅಗಲ ಬಾರು, ಹಿಂದೊಂದು ಪಟ್ಟಿ. ಯಾರು ನೋಡಿದರೂ ಆಸ್ಪತ್ರೆ ಚಪ್ಪಲಿ ಎಂದು ತಿಳಿಯುತ್ತಿತ್ತು. ಕೊಟ್ಟ ಜೋಡನ್ನು ಅಟ್ಟದ ಮೇಲಿಟ್ಟು, ನಮ್ಮ ಕ್ಯಾಂಪಿನ ದಿನ ಮಾತ್ರ ಹಾಕಿಕೊಂಡು ಬರುತ್ತಿದ್ದರು. ಅಟ್ಟೆ ತಿರುಗಿಸಿದರೆ ಸವೆತವೇ ಇಲ್ಲ. ಮುರುಗಮಲ್ಲದ ಕಡೆಯ ಒಬ್ಬ ಹೆಂಗಸು, “ಇದು ಹಾಕ್ಕೊಂಡು ನೀರಿಗೆ ಹೋದ್ರೆ ಬಿಂದಿಗೆ ಇಡೋಕೂ ಜಾಗ ಬಿಡಲ್ಲ ಕಣಪ್ಪ, ಹುಣ್ಣಾದ್ರೆ ಸೀರೇಲಿ ಮುಚ್ಕೋಬೋದು” ಅಂದಳು. ನನಗೆ ಎದುರು ಹೇಳಲು ಏನೂ ತೋಚಲಿಲ್ಲ. ಒಂದು ಕಾಲದಲ್ಲಿ ಚಪ್ಪಲಿ ಹಾಕಿದರೆ ಹೊಡೆಯುತ್ತಿದ್ದ ಬೀದಿ, ಈಗ ಇಂಥ ಚಪ್ಪಲಿ ಹಾಕಿದರೆ ದೂರ ಸರಿಯುತ್ತಿತ್ತು. ಬೇರೆ ಬೇರೆ ಕೇಂದ್ರಗಳಲ್ಲೂ ಇದೇ ದೂರು ಬಂದು, ಆಮೇಲಾಮೇಲೆ ಬಣ್ಣ ಬದಲಾಯಿತು, ಪೇಟೆಯ ಮಾದರಿಯಲ್ಲಿ ಮೇಲ್ಭಾಗ ಹೊಲಿಯತೊಡಗಿದೆವು. ಬ್ರ್ಯಾಂಡರ ಶೋಧಕ್ಕೆ ಎಷ್ಟು ಬೆಲೆ ಕೊಡುತ್ತೇನೋ ಈ ಬಣ್ಣದ ಬದಲಾವಣೆಗೂ ಅಷ್ಟೇ ಬೆಲೆ ಕೊಡುತ್ತೇನೆ.

1982ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬಹುಔಷಧ ಚಿಕಿತ್ಸೆಯನ್ನು ಶಿಫಾರಸು ಮಾಡಿತು, ಮರುವರ್ಷ ನಮ್ಮ ರಾಷ್ಟ್ರೀಯ ಕುಷ್ಠರೋಗ ನಿರ್ಮೂಲನಾ ಕಾರ್ಯಕ್ರಮ ಬಂದಿತು. ರೋಗ ಕೆಲವು ತಿಂಗಳ ಮಾತ್ರೆಗೆ ಇಳಿಯಿತು. 2005ರ ಕೊನೆಗೆ, ಹತ್ತು ಸಾವಿರ ಜನಕ್ಕೆ ಒಬ್ಬ ರೋಗಿಗಿಂತ ಕಡಿಮೆ ಎಂಬ ಲೆಕ್ಕದಲ್ಲಿ ದೇಶ ಗುರಿ ಮುಟ್ಟಿತು. ಮಾತ್ರೆ ಕ್ರಿಮಿಯನ್ನು ಕೊಲ್ಲುತ್ತದೆ. ಸತ್ತ ನರವನ್ನು ಬದುಕಿಸುವುದಿಲ್ಲ. ಹಳೆಯ ರೋಗಿಗಳಿಗೆ ಸಾಯುವ ತನಕ ಎಂಸಿಆರ್ ಬೇಕು, ಅದೂ ಅದುಮಿ ಅದುಮಿ ಚಪ್ಪಟೆಯಾಗುವುದರಿಂದ ಬದಲಿಸುತ್ತಲೇ ಇರಬೇಕು. ಆದರೂ ಕೆಲಸ ಕಡಿಮೆಯಾಯಿತು. ಆ ಹೊತ್ತಿಗೆ ಸಕ್ಕರೆ ಕಾಯಿಲೆಯವರು ಬರತೊಡಗಿದ್ದರು. ಬ್ರ್ಯಾಂಡ್ 1966ರಲ್ಲಿ ಅಮೆರಿಕದ ಕಾರ್ವಿಲ್‌ಗೆ ಹೋದ ಮೇಲೆ, ಕುಷ್ಠದ ಕಾಲಿಗೆ ಕಲಿತದ್ದನ್ನೇ ಸಕ್ಕರೆ ಕಾಯಿಲೆಯ ಕಾಲಿಗೂ ಬಳಸಿದ್ದರು. ದೇಶದಲ್ಲಿ ಹತ್ತು ಕೋಟಿಗೂ ಹೆಚ್ಚು ಜನಕ್ಕೆ ಮಧುಮೇಹವಿದೆ ಎಂದು ಐಸಿಎಂಆರ್ ನೆರವಿನ ಸಮೀಕ್ಷೆ 2023ರಲ್ಲಿ ಹೇಳಿತು. ಚಿಂತಾಮಣಿಯಲ್ಲಿ ನನ್ನ ಅಂಗಡಿಗೆ ಬರುವವರು ಈಗ ಮೇಷ್ಟರು, ಟೊಮೆಟೊ ಮಂಡಿಯ ಹಮಾಲಿಗಳು, ಪೊಲೀಸ್ ಪೇದೆಗಳು, ಶಿಡ್ಲಘಟ್ಟದ ರೇಷ್ಮೆ ಬಿಚ್ಚುವವರು.

ಇವರೆಲ್ಲ ಕೇಳುವುದು ಮೆತ್ತಗೂ ಇರಬೇಕು, ಗಾಳಿಯೂ ಆಡಬೇಕು ಎಂದು. ಎರಡಕ್ಕೂ ಬಗೆಹರಿಯದ ಜಗಳವಿದೆ. ಮುಚ್ಚಿದ ಗೂಡಿನ ಎಂಸಿಆರ್, ಇವಿಎ, ಪ್ಲಾಸ್ಟಜೋಟ್‌ನಂಥ ಫೋಮುಗಳು ಭಾರ ತಡೆಯುತ್ತವೆ, ಬೆವರನ್ನು ಒಂದು ಹನಿಯೂ ಕುಡಿಯುವುದಿಲ್ಲ. ತೆರೆದ ಗೂಡಿನ ಫೋಮು, ಅಂದರೆ ಹಾಸಿಗೆಯಲ್ಲಿ ಹಾಕುವ ಜಾತಿಯದು, ಉಸಿರಾಡುತ್ತದೆ. ಅದರಲ್ಲಿ ಅಗ್ಗದ್ದು ಮೂರು ತಿಂಗಳಿಗೆ ಕಾಗದವಾಗುತ್ತದೆ. ತೂತು ಕೊರೆದರಾಯಿತಲ್ಲ ಅನ್ನುತ್ತಾರೆ. ಎಲ್ಲಿ ಕೊರೆಯುವುದು? ಬೆರಳಿನ ಬುಡದ ಮೂಳೆಗಳ ಕೆಳಗೆ ಕೊರೆದರೆ ತೂತಿನ ಅಂಚೇ ಒತ್ತುತ್ತದೆ, ನೋವು ತಿಳಿಯದ ಕಾಲಿಗೆ ಅದೂ ಒಂದು ಮೊಳೆ. ನಾನು ಕೊರೆಯುವುದು ಪಾದದ ಕಮಾನಿನ ಕೆಳಗೆ ಮಾತ್ರ. ಅಟ್ಟೆಯ ತಳದಲ್ಲಿ ಹಿಮ್ಮಡಿಯಿಂದ ಕಮಾನಿನ ತನಕ ಕಾಲುವೆ ತೆಗೆದರೆ ಹೆಜ್ಜೆ ಇಟ್ಟಾಗ ಗಾಳಿ ಮುಂದಕ್ಕೆ ಬರುತ್ತದೆ. ಆದರೆ ಬೂಟೇ ಸುತ್ತ ಪ್ಲಾಸ್ಟಿಕ್ಕಿನದಾಗಿದ್ದರೆ ಅದೇ ನಾರುವ ಗಾಳಿ ಒಳಗೊಳಗೇ ಸುತ್ತುತ್ತದೆ. ‘ಏರ್’ ಎಂದು ಬರೆದು ಮಾರುವ ಅರ್ಧ ಸರಕಿನದು ಇದೇ ಕಥೆ.

ಇನ್ನೊಂದು ವಿಚಿತ್ರವೂ ಇದೆ. ಮೈಯಲ್ಲಿ ಬೆವರಿನ ಗ್ರಂಥಿಗಳು ದಟ್ಟವಾಗಿರುವ ಜಾಗಗಳಲ್ಲಿ ಅಂಗಾಲೂ ಒಂದು. ಆದರೆ ಕುಷ್ಠದಲ್ಲಿ, ಹಳೆಯ ಮಧುಮೇಹದಲ್ಲಿ ಬೆವರಿನ ನರವೂ ಸಾಯುತ್ತದೆ. ಪಾದ ಒಣಗಿ ಬಿರಿಯುತ್ತದೆ. ಅಂಥವರು ಬಂದು ಗಾಳಿ ಆಡುವ ಇನ್‌ಸೋಲ್ ಕೇಳಿದರೆ, ಮೊದಲು ಕರಿಗಿರಿಯಲ್ಲಿ ರೋಗಿಗಳಿಗೆ ಹೇಳಿಕೊಡುತ್ತಿದ್ದುದನ್ನೇ ಹೇಳುತ್ತೇನೆ: ದಿನಾ ತಣ್ಣೀರಲ್ಲಿ ಕಾಲು ನೆನೆಸಿ, ಸತ್ತ ಚರ್ಮ ಉಜ್ಜಿ ತೆಗೆದು, ಹಸಿಯಿರುವಾಗಲೇ ಎಣ್ಣೆ ಹಚ್ಚಿ. ದಪ್ಪ ಬೂಟಿನಲ್ಲಿ ದಿನವಿಡೀ ನಿಲ್ಲುವ ಪೇದೆಯ ಕಾಲು ಮಾತ್ರ ನೆನೆದು ಬೆಳ್ಳಗಾಗಿರುತ್ತದೆ. ಅವನಿಗೆ ಇವಿಎ ಮೇಲೆ ತೊಗಟೆ ಹದದ ಆಡಿನ ಚರ್ಮ, ಒಂದು ಮಿಲಿಮೀಟರಿನದು, ಅಂಟಿಸಿ ಎರಡು ಜೊತೆ ಕೊಡುತ್ತೇನೆ. ಒಂದು ಕಾಲಲ್ಲಿದ್ದರೆ ಒಂದು ನೆರಳಲ್ಲಿ ಒಣಗಬೇಕು.

ಹೊಸದಾಗಿ ಬರುವವರಿಗೆ ಫೋನಿನಲ್ಲೇ ಹೇಳಿಬಿಡುತ್ತೇನೆ: ಬರುವಾಗ ಹಳೇ ಚಪ್ಪಲಿ, ಬೂಟು ಏನಿದೆಯೋ ತನ್ನಿ, ತೊಳೆಯಬೇಡಿ. ಮೇಷ್ಟರುಗಳು ನಾಚಿಕೊಂಡು ಹೊಸದನ್ನೇ ಹಾಕಿಕೊಂಡು ಬರುತ್ತಾರೆ. ಹಳೇದು ತರಿಸಿಕೊಂಡ ಮೇಲೆಯೇ ನಾನು ಅಳತೆ ತೆಗೆಯುವುದು. ಸಕ್ಕರೆ ಎಷ್ಟಿದೆ ಎಂದು ಲ್ಯಾಬಿನ ಚೀಟಿ ಹೇಳುತ್ತದೆ, ಭಾರ ಎಲ್ಲಿ ಹಾಕುತ್ತಾರೆ ಎಂದು ಸವೆದ ಅಟ್ಟೆ ಹೇಳುತ್ತದೆ.